ಬಾಯಾರಿದರೆ ಬಣ್ಣ ಬಿಡುವ ಗಿಡ

ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ನಾಗಮಂಗಲದ ಕಡೆ ರಾಗಿ, ಹುರುಳಿ ಕೊಯ್ದ ಹೊಲಗಳೆಲ್ಲ ಬೋಳು. ಆಗ ಕಾಂಪೌಂಡಿನಾಚೆಗೆ ಬಾಗಿ ಕಣ್ಣು ಸೆಳೆಯುವುದು ಕಾಗದದ ಹೂವು, ಅಂದರೆ ಬೋಗನ್‌ವಿಲ್ಲಾ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಅದೇ ಗಿಡ ಸೂರು ಮುಟ್ಟುವಷ್ಟು ಬೆಳೆದರೂ ಎಷ್ಟೋ ಸಲ ಬರೀ ಎಲೆ.

ಇದರ ತವರು ದಕ್ಷಿಣ ಅಮೆರಿಕ. 1767ರಲ್ಲಿ ಫ್ರೆಂಚ್ ನಾವಿಕ ಬೂಗನ್‌ವಿಲ್‌ನ ಹಡಗುಗಳು ಬ್ರೆಜಿಲ್‌ನ ರಿಯೋದಲ್ಲಿ ತಂಗಿದ್ದಾಗ ಸಸ್ಯವಿಜ್ಞಾನಿ ಕಾಮರ್ಸನ್ ಇದನ್ನು ಸಂಗ್ರಹಿಸಿ ನಾಯಕನ ಹೆಸರಿಟ್ಟ. ಗಂಡುವೇಷದಲ್ಲಿ ಹಡಗೇರಿದ್ದ ಜಾನ್ ಬರೆ ಎಂಬ ಹೆಣ್ಣುಮಗಳು ಅವನ ಸಹಾಯಕಿ. ಅವನಿಗೆ ಕಾಲಿನ ಹುಣ್ಣು ಕಾಡುತ್ತಿದ್ದುದರಿಂದ ಮೊದಲ ರೆಂಬೆ ಮುರಿದು ತಂದವಳು ಅವಳೇ ಇರಬೇಕೆಂದು ಹಲವರು ನಂಬುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

19ನೇ ಶತಮಾನದಲ್ಲಿ ಗಿಡ ಭಾರತಕ್ಕೆ ಬಂತು. ನಮ್ಮ ಸೀಮೆಯಲ್ಲಿ ಇಂಥ ಹೊರನಾಡಿನ ಹೂಗಿಡಗಳಿಗೆ ದೊಡ್ಡ ನೆಲೆಯಾದದ್ದು ಲಾಲ್‌ಬಾಗ್. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗಲ್ ಅಲ್ಲಿ ದೇಶದೇಶದ ಸಸಿಗಳನ್ನು ತರಿಸಿ ಒಗ್ಗಿಸಿದರು. ಕನ್ನಂಬಾಡಿ ಕಟ್ಟೆಯ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಬೃಂದಾವನ ಕಟ್ಟಿಸಿದಾಗ ಅಲಂಕಾರದ ತೋಟವೊಂದು ಮಂಡ್ಯದ ರೈತರ ಬಾಗಿಲಿಗೇ ಬಂತು. ಮುಂದೆ ಮರಿಗೌಡರು ತೋಟಗಾರಿಕೆ ನಿರ್ದೇಶಕರಾಗಿ ತಾಲ್ಲೂಕುಗಳಲ್ಲಿ ತೋಟಗಾರಿಕೆ ಕ್ಷೇತ್ರ, ಸಸ್ಯಾಗಾರಗಳನ್ನು ಬೆಳೆಸಿದರು. ಆಮೇಲಿನ ಕೆಲಸ ನೆಂಟರಿಷ್ಟರದು: ಹಬ್ಬಕ್ಕೆ ಬಂದವರು ಹೋಗುವಾಗ ಒಂದು ಕಡ್ಡಿ ಮುರಿದುಕೊಂಡು ಹೋಗುತ್ತಾರೆ.

ನಾವು ಹೂವೆಂದು ನೋಡುವುದು ಬಣ್ಣದ ಎಲೆಗಳನ್ನು. ನಿಜವಾದ ಹೂಗಳು ಅವುಗಳ ನಡುವಿನ ಮೂರು ಪುಟ್ಟ ಬಿಳಿ ಕೊಳವೆಗಳು. ಹೊಲದ ಬದುವಿನ ಕೊಮ್ಮೆ ಸೊಪ್ಪು, ಹಿತ್ತಲಿನ ಸಂಜೆಮಲ್ಲಿಗೆ ಎರಡೂ ಇದರ ಕುಟುಂಬದವೇ.

ನೀರು, ಸಾರಜನಕ ಹೆಚ್ಚಾದರೆ ಗಿಡ ಎಲೆ, ಕಡ್ಡಿ ಬೆಳೆಸುವುದರಲ್ಲೇ ಮುಳುಗುತ್ತದೆ. ಮಣ್ಣು ಒಣಗಿ ಬಿಸಿಲು ಕಾದಾಗ ಚಿಗುರಿನ ತುದಿಗಳು ಬಣ್ಣಕ್ಕೆ ತಿರುಗುತ್ತವೆ. ನೀರು ನಿಲ್ಲದ ನಾಗಮಂಗಲದ ಕೆಂಪು ಮರಳುಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿದೆ. ಹೂವಿಲ್ಲವೆಂದು ಇನ್ನೊಂದು ಬಿಂದಿಗೆ ನೀರು, ಇನ್ನೊಂದು ಹಿಡಿ ಯೂರಿಯಾ ಸುರಿಯುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಬೇಕೆನಿಸುತ್ತದೆ. ಕೆ.ಆರ್. ಪೇಟೆಯ ಹೇಮಾವತಿ ನಾಲೆ ಬದಿಯವರು ತಗ್ಗು ಬಿಟ್ಟು ದಿಬ್ಬದ ಮೇಲೆ, ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವಲ್ಲಿ ನೆಟ್ಟರೆ ಸಾಕು.

ಮುಂಗಾರು ಹಿಡಿದಾಗ ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿ ಊರಿ. ಬೇರು ಬಲು ನಾಜೂಕು, ಸಸಿ ಕೀಳುವಾಗ ಮಣ್ಣಿನ ಹೆಂಟೆ ಒಡೆಯಬಾರದು. ಹೂ ಬಿಟ್ಟು ಮುಗಿದ ಕೂಡಲೇ ಸವರಿ. ಮುಂದಿನ ಬಣ್ಣ ಬರುವುದು ಹೊಸ ಚಿಗುರಿಗೆ.