ಪ್ರಬಂಧದಲ್ಲಿ ಅಧ್ಯಾಯಕ್ಕೊಂದು ಪರಿವಿಡಿ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕೆಲವರು ಹಗಲು ಕಚೇರಿಯಲ್ಲಿ ದುಡಿದು, ರಾತ್ರಿ ಪಿಎಚ್.ಡಿ. ಪದವಿಗಾಗಿ ಪ್ರಬಂಧ ಬರೆಯುತ್ತಿರುವವರು. ಇನ್ನು ಕೆಲವರು ಅಂಥ ಪ್ರಬಂಧಗಳನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಟ್ಟು ಸಂಬಳದ ಮೇಲೆ ನಾಲ್ಕು ಕಾಸು ಸಂಪಾದಿಸುವವರು. ಈ ಇಬ್ಬರಿಗೂ ಉಪಯೋಗವಾಗಲೆಂದು ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರ ಪ್ರಬಂಧವನ್ನು ನಾನು ಟೈಪು ಮಾಡಿಕೊಟ್ಟೆ. ಅಧ್ಯಾಯಗಳು ದೊಡ್ಡವಾದ್ದರಿಂದ ಪ್ರತಿ ಅಧ್ಯಾಯದ ಆರಂಭದಲ್ಲಿಯೂ ಒಂದು ಚಿಕ್ಕ ಪರಿವಿಡಿ ಇರಲಿ ಎಂದು ಅವರು ಬಯಸಿದರು. ನಾನು ಪುಟಸಂಖ್ಯೆಗಳನ್ನು ಕೈಯಿಂದಲೇ ಒಂದೊಂದಾಗಿ ತುಂಬಿದೆ. ಕೊನೆಯ ವಾರದಲ್ಲಿ ಮಾರ್ಗದರ್ಶಕರು ಎರಡನೆಯ ಅಧ್ಯಾಯಕ್ಕೆ ನಾಲ್ಕು ಪುಟ ಸೇರಿಸಿಸಿದರು. ಅಲ್ಲಿಂದ ಮುಂದಿನ ಅಂಕಿಗಳೆಲ್ಲ ತಪ್ಪಿದವು. ಅವಸರದಲ್ಲಿ ಅದು ನಮ್ಮಿಬ್ಬರ ಕಣ್ಣಿಗೂ ಬೀಳಲಿಲ್ಲ. ರಟ್ಟು ಕಟ್ಟಿಸಿದ ಪ್ರತಿಗಳೆಲ್ಲವೂ ತಿದ್ದುಪಡಿಗಾಗಿ ಹಿಂದಿರುಗಿ ಬಂದವು. ಮಿತ್ರರಿಗೆ ಆರು ತಿಂಗಳು ತಡವಾಯಿತು. ಪದವಿಯನ್ನು ನಂಬಿಕೊಂಡಿದ್ದ ಬಡ್ತಿಯೂ ಆ ವರ್ಷ ಕೈತಪ್ಪಿತು. ತಪ್ಪು ನನ್ನದೇ. ಯಂತ್ರವು ಮಾಡಬೇಕಾದ ಕೆಲಸವನ್ನು ನಾನು ಕೈಯಿಂದ ಮಾಡಿದ್ದೆ.

ಅಧ್ಯಾಯದ ಪರಿವಿಡಿಯ ಅಗತ್ಯವಾದರೂ ಏನು? ದೊಡ್ಡ ರೈಲು ನಿಲ್ದಾಣದಲ್ಲಿ ಎಲ್ಲ ಗಾಡಿಗಳ ವೇಳೆಯನ್ನೂ ತೋರಿಸುವ ಫಲಕವಿರುತ್ತದೆ. ಆದರೂ ಲೋಕಲ್ ಗಾಡಿಯ ಡಬ್ಬಿಯೊಳಗೆ ಆ ಮಾರ್ಗದ ನಿಲ್ದಾಣಗಳ ಪಟ್ಟಿಯನ್ನು ಬೇರೆಯಾಗಿ ಹಚ್ಚಿರುತ್ತಾರೆ. ಗಾಡಿ ಹತ್ತಿದವನಿಗೆ ಬೇಕಾದದ್ದು ಆ ಪಟ್ಟಿಯೇ. ಮುನ್ನೂರು ಪುಟದ ಪ್ರಬಂಧದ ಮೂರನೆಯ ಅಧ್ಯಾಯವನ್ನು ತೆರೆದ ಪರೀಕ್ಷಕರಿಗೂ ಹಾಗೆಯೇ. ಆ ಐವತ್ತು ಪುಟಗಳಲ್ಲಿ ಏನಿದೆಯೆಂಬುದು ಅಲ್ಲಿಯೇ ತಿಳಿದರೆ ಪುನಃ ಪುನಃ ಪುಸ್ತಕದ ಮೊದಲಿಗೆ ಹೋಗಬೇಕಾಗುವುದಿಲ್ಲ. ಅಧ್ಯಾಯಗಳು ಹತ್ತು ಹನ್ನೆರಡು ಪುಟದವಾದರೆ ಇದರ ಅಗತ್ಯವಿಲ್ಲ. ವಿಶ್ವವಿದ್ಯಾಲಯದ ನಿಯಮಗಳು ಇದಕ್ಕೆ ಅವಕಾಶ ಕೊಡುತ್ತವೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳತಕ್ಕದ್ದು.

ಗಣಿತ, ವಿಜ್ಞಾನಗಳ ಪ್ರಬಂಧಗಳನ್ನು ಹೆಚ್ಚಾಗಿ ಲಾಟೆಕ್ ಎಂಬ ವ್ಯವಸ್ಥೆಯಲ್ಲಿ ಜೋಡಿಸುತ್ತಾರೆ. ಇದರ ತಳಹದಿಯಾದ ಟೆಕ್ ಅನ್ನು ರಚಿಸಿದವರು ಅಮೆರಿಕದ ಗಣಕ ವಿದ್ವಾಂಸ ಡೊನಾಲ್ಡ್ ಕ್ನೂತ್. 1977ರಲ್ಲಿ ತಮ್ಮದೇ ಗ್ರಂಥದ ಹೊಸ ಆವೃತ್ತಿಯ ಕರಡಚ್ಚು ನೋಡಿ, ಅಕ್ಷರಗಳ ಅಂದ ಕೆಟ್ಟಿದ್ದನ್ನು ಸಹಿಸಲಾರದೆ ಅವರು ಈ ಕೆಲಸಕ್ಕೆ ಕೈಹಾಕಿದರು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ಲಾಟೆಕ್ ಅನ್ನು ಕಟ್ಟಿದರು. ಎರಡೂ ಉಚಿತವಾಗಿ ದೊರೆಯುತ್ತವೆ. ಕನ್ನಡ ಅಕ್ಷರಗಳಿಗೆ ಇವುಗಳ ಹೊಸ ರೂಪಗಳಾದ ಜೀಟೆಕ್ ಅಥವಾ ಲುವಾಟೆಕ್ ಅನ್ನು ಬಳಸಬೇಕು.

ಲಾಟೆಕ್‌ನಲ್ಲಿ ಪರಿವಿಡಿ ಸಿದ್ಧವಾಗುವ ಬಗೆ ಗುಮಾಸ್ತರಿಗೆ ಸುಲಭವಾಗಿ ಅರ್ಥವಾಗುತ್ತದೆ. ನಾವು ಕಡತವನ್ನು ಒಮ್ಮೆ ಓಡಿಸಿದಾಗ ಯಂತ್ರವು ಪ್ರತಿಯೊಂದು ಶೀರ್ಷಿಕೆಯನ್ನೂ ಅದು ಬಿದ್ದ ಪುಟದ ಸಂಖ್ಯೆಯೊಡನೆ ಬೇರೊಂದು ಕಡತದಲ್ಲಿ ಬರೆದಿಡುತ್ತದೆ. ಎರಡನೆಯ ಸಲ ಓಡಿಸಿದಾಗ ಆ ಟಿಪ್ಪಣಿಯನ್ನು ಓದಿ ಪರಿವಿಡಿಯನ್ನು ಮುದ್ರಿಸುತ್ತದೆ. ಅಧ್ಯಾಯದ ಪರಿವಿಡಿಗಾಗಿ 'ಮಿನಿಟಾಕ್' ಎಂಬ ಉಪಕರಣವಿದೆ. ಅದು ದೊಡ್ಡ ಪಟ್ಟಿಯನ್ನು ಅಧ್ಯಾಯವಾರು ತುಂಡುಮಾಡಿ, ಒಂದೊಂದು ತುಂಡನ್ನೂ ಆಯಾ ಅಧ್ಯಾಯಕ್ಕೆ ಹಂಚುತ್ತದೆ.

ಮಾಡಬೇಕಾದದ್ದು ಮೂರೇ ಕೆಲಸ. ಮೊದಲನೆಯದು, ಕಡತದ ಪೀಠಿಕೆಯಲ್ಲಿ ಮಿನಿಟಾಕ್ ಅನ್ನು ಕರೆಯುವುದು. ಎರಡನೆಯದು, ಮುಖ್ಯ ಪರಿವಿಡಿಯನ್ನು ಮುದ್ರಿಸುವ ಆಜ್ಞೆಗೆ ಮುಂಚೆ 'ಡುಮಿನಿಟಾಕ್' ಎಂಬ ಆಜ್ಞೆಯನ್ನು ಹಾಕುವುದು. ಮೂರನೆಯದು, ಪಟ್ಟಿ ಬೇಕಾದ ಪ್ರತಿ ಅಧ್ಯಾಯದ ಶೀರ್ಷಿಕೆಯ ಕೆಳಗೆ 'ಮಿನಿಟಾಕ್' ಆಜ್ಞೆಯನ್ನು ಬರೆಯುವುದು. ಆಜ್ಞೆಗಳ ಹಿಂದೆ ಲಾಟೆಕ್‌ನ ಓರೆಗೆರೆ ಇರಬೇಕು. ಇಂಗ್ಲಿಷಿನಲ್ಲಿ ಬರೆಯುವಾಗ 'ಟಾಕ್' ಎಂಬುದನ್ನು ಟಿ, ಓ, ಸಿ ಎಂಬ ಮೂರು ಅಕ್ಷರಗಳಿಂದ ಬರೆಯುತ್ತಾರೆ. ಮುಖ್ಯ ಪರಿವಿಡಿಯಲ್ಲಿ ಅಧ್ಯಾಯದ ಹೆಸರುಗಳನ್ನು ಮಾತ್ರ ಇಟ್ಟು, ಚಿಕ್ಕ ಪರಿವಿಡಿಯಲ್ಲಿ ಎರಡು ಹಂತದ ಉಪಶೀರ್ಷಿಕೆಗಳನ್ನು ಕೊಡಬಹುದು. ಪಟ್ಟಿಯ ತಲೆಬರಹವನ್ನು 'ಈ ಅಧ್ಯಾಯದಲ್ಲಿ' ಎಂದು ಕನ್ನಡದಲ್ಲಿ ಬದಲಿಸಿಕೊಳ್ಳಲೂ ಬರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಚಿಕ್ಕ ಪರಿವಿಡಿಯೂ ಜಾಗ ತಿನ್ನುತ್ತದೆ. ಮೊದಲ ಓಟದಲ್ಲಿ 42ನೆಯ ಪುಟದಲ್ಲಿದ್ದ ಶೀರ್ಷಿಕೆಯು ಪಟ್ಟಿ ಬಂದು ಕುಳಿತ ಮೇಲೆ 43ಕ್ಕೆ ಸರಿಯಬಹುದು. ಪಟ್ಟಿಯಲ್ಲಿ ಮಾತ್ರ ಹಳೆಯ 42 ಇರುತ್ತದೆ. ಆದುದರಿಂದ ಕಡತವನ್ನು ಮೂರು ಸಲವಾದರೂ ಓಡಿಸಬೇಕು. ಎರಡನೆಯದಾಗಿ, ಮುನ್ನುಡಿಯಂಥ ಸಂಖ್ಯೆಯಿಲ್ಲದ ಅಧ್ಯಾಯವನ್ನು ಮುಖ್ಯ ಪರಿವಿಡಿಗೆ ಸೇರಿಸಿದರೆ ಮಿನಿಟಾಕ್‌ನ ಎಣಿಕೆ ತಪ್ಪುತ್ತದೆ. ಆಗ ಮೊದಲನೆಯ ಅಧ್ಯಾಯಕ್ಕೆ ಏನೂ ಬಾರದೆ, ಅದರ ಪಟ್ಟಿ ಎರಡನೆಯದಕ್ಕೆ ಹೋಗಿ ಕೂರುತ್ತದೆ. ಅಂಥ ಅಧ್ಯಾಯದ ನಂತರ 'ಅಡ್ಜಸ್ಟ್ ಎಂಟಿಸಿ' ಎಂಬ ಆಜ್ಞೆಯನ್ನು, ಪದಗಳ ನಡುವೆ ಜಾಗ ಬಿಡದೆ ಬರೆದರೆ ಎಣಿಕೆ ಸರಿಹೋಗುತ್ತದೆ.

ಲಾಟೆಕ್ ಗೊತ್ತಿಲ್ಲದವರು ನಿರಾಶರಾಗಬೇಕಾಗಿಲ್ಲ. ಲಿಬ್ರೆಆಫೀಸ್ ರೈಟರ್‌ನಲ್ಲಿ ಅಧ್ಯಾಯದ ಶೀರ್ಷಿಕೆಯ ಕೆಳಗೆ ಪರಿವಿಡಿಯನ್ನು ಸೇರಿಸುವಾಗ, ಅದು ಇಡೀ ಕಡತಕ್ಕೋ ಅಧ್ಯಾಯಕ್ಕೋ ಎಂದು ಕೇಳುವ ಮನೆಯಲ್ಲಿ 'ಚಾಪ್ಟರ್' ಎಂದು ಆರಿಸಿದರೆ ಸಾಕು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸ್ವಲ್ಪ ಹೆಚ್ಚು ಕೆಲಸವಿದೆ. ಇಡೀ ಅಧ್ಯಾಯವನ್ನು ಆರಿಸಿ ಅದಕ್ಕೊಂದು ಬುಕ್‌ಮಾರ್ಕ್ ಹೆಸರು ಕೊಡಬೇಕು. ಪಟ್ಟಿ ಬರಬೇಕಾದ ಸ್ಥಳದಲ್ಲಿ ಕಂಟ್ರೋಲ್ ಮತ್ತು ಎಫ್9 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಜೊತೆ ಪುಷ್ಪಾವರಣ ಬರುತ್ತದೆ. ಅದರೊಳಗೆ ಟಿಓಸಿ ಎಂದು ಬರೆದು, ಜಾಗ ಬಿಟ್ಟು ಓರೆಗೆರೆ ಮತ್ತು ಬಿ ಅಕ್ಷರ, ಮತ್ತೆ ಜಾಗ ಬಿಟ್ಟು ಬುಕ್‌ಮಾರ್ಕಿನ ಹೆಸರು ಬರೆಯಬೇಕು. ಬಳಿಕ ಎಫ್9 ಒತ್ತಿದರೆ ಆ ಅಧ್ಯಾಯದ ಪಟ್ಟಿ ಮಾತ್ರ ಮೂಡುತ್ತದೆ.

ಇವೆರಡರಲ್ಲಿಯೂ ಒಂದು ನಿಯಮವನ್ನು ಮೀರುವಂತಿಲ್ಲ. ಶೀರ್ಷಿಕೆಗಳನ್ನು ಬರಿದೆ ದಪ್ಪಕ್ಷರ ಮಾಡಿ ಬಿಡಬಾರದು. 'ಹೆಡಿಂಗ್ 1', 'ಹೆಡಿಂಗ್ 2' ಎಂಬ ಶೈಲಿಗಳಲ್ಲಿಯೇ ಹಾಕಬೇಕು. ದಪ್ಪಕ್ಷರವನ್ನು ನೋಡಿ ನಮಗೆ ಶೀರ್ಷಿಕೆಯೆಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯದು. ಟೈಪಿಂಗ್ ಆರಂಭಿಸುವ ದಿನವೇ ಇದನ್ನು ಪಾಲಿಸಿದರೆ ಕೊನೆಯಲ್ಲಿ ಒಂದು ಗಂಟೆಯ ಕೆಲಸ; ಬಿಟ್ಟರೆ ವಾರದ ಕೆಲಸ.

ರೈಟರ್ ಮತ್ತು ವರ್ಡ್‌ಗಳಲ್ಲಿ ಪಟ್ಟಿಯು ತನ್ನಷ್ಟಕ್ಕೆ ತಾನೇ ಹೊಸದಾಗುತ್ತದೆಂದು ನಂಬಬೇಡಿ. ಪ್ರತಿ ತಿದ್ದುಪಡಿಯ ನಂತರ ಪಟ್ಟಿಗಳನ್ನೆಲ್ಲ ಹೊಸದು ಮಾಡುವ ಆಜ್ಞೆಯನ್ನು ಕೊಡಿ. ರಟ್ಟು ಕಟ್ಟುವವನ ಕೈಗೆ ಕೊಡುವ ಮುನ್ನ ಒಂದು ಪ್ರತಿಯನ್ನು ಮುದ್ರಿಸಿ, ಪ್ರತಿ ಅಧ್ಯಾಯದ ಮೊದಲನೆಯ, ನಡುವಿನ ಮತ್ತು ಕೊನೆಯ ಶೀರ್ಷಿಕೆಗಳ ಪುಟಗಳನ್ನು ಬೆರಳಿಟ್ಟು ತಾಳೆ ನೋಡಿ. ಏಳೆಂಟು ಅಧ್ಯಾಯಗಳಿಗೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ನಾನು ಅಂದು ಕೊಟ್ಟಿದ್ದರೆ ನನ್ನ ಮಿತ್ರರ ಆರು ತಿಂಗಳು ಉಳಿಯುತ್ತಿತ್ತು.