ಟ್ಯಾಂಕ್ ಮಾದರಿಯ ಕಿಟ್: ಯಾವ ಬಿಡಿಭಾಗ ಅಂಟಿಸಬೇಕು?

ಪ್ರಶ್ನೆ: ಟ್ಯಾಂಕ್ ಮಾದರಿಯ ಕಿಟ್‌ನಲ್ಲಿ ಒಂದೇ ಜಾಗಕ್ಕೆ ಎರಡು ಬಗೆಯ ಬಿಡಿಭಾಗಗಳಿರುವುದೇಕೆ? ಆಯ್ಕೆ ಹೇಗೆ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಒಂದೇ ಟ್ಯಾಂಕು ದಶಕಗಳುದ್ದಕ್ಕೂ ಮಾರ್ಪಾಡಾಗುತ್ತ, ಹಲವು ದೇಶಗಳ ಸೇನೆಗಳಲ್ಲಿ ದುಡಿಯುವುದರಿಂದ ತಯಾರಕರು ಬೇರೆ ಬೇರೆ ಕಾಲಘಟ್ಟಗಳ ಭಾಗಗಳನ್ನು ಒಂದೇ ಪೆಟ್ಟಿಗೆಯಲ್ಲಿಡುತ್ತಾರೆ, ಆದ್ದರಿಂದ ಯಾವ ಸೇನೆಯ, ಯಾವ ವರ್ಷದ ಟ್ಯಾಂಕನ್ನು ಕಟ್ಟಬೇಕೆಂಬುದು ಅಂಟಿನ ಮುಚ್ಚಳ ತೆಗೆಯುವ ಮೊದಲೇ ತೀರ್ಮಾನವಾಗಬೇಕು.

ಭಾರತೀಯ ಸೇನೆಯ ಟಿ-55 ಇದಕ್ಕೆ ಅತ್ಯುತ್ತಮ ನಿದರ್ಶನ. ಸೋವಿಯತ್ ಮೂಲದ ಈ ಟ್ಯಾಂಕಿನ 100 ಮಿಲಿಮೀಟರ್ ಫಿರಂಗಿಯಲ್ಲಿ ಹೊಗೆಹೀರುಕ, ಅಂದರೆ ಗುಂಡು ಹಾರಿದ ಮೇಲೆ ಉಳಿದ ಹೊಗೆ ಸಿಬ್ಬಂದಿಯತ್ತ ಮರಳದಂತೆ ತಡೆಯುವ ಉಬ್ಬಿದ ಭಾಗ, ನಳಿಕೆಯ ತುದಿಯಲ್ಲಿರುತ್ತದೆ. ಪಾಕಿಸ್ತಾನದ ಬಳಿಯಿದ್ದ ಚೀನಾದ ಟೈಪ್-59 ನೋಡಲು ಬಹುಮಟ್ಟಿಗೆ ಇದರಂತೆಯೇ ಇದ್ದುದರಿಂದ, 1971ರ ಯುದ್ಧದಲ್ಲಿ ಗುರುತು ತಪ್ಪದಿರಲೆಂದು ಭಾರತೀಯ ಟ್ಯಾಂಕುಗಳ ನಳಿಕೆಯ ನಡುವೆ ಹುಸಿ ಹೊಗೆಹೀರುಕವೊಂದನ್ನು ತೊಡಿಸಲಾಗಿತ್ತು. ಮುಂದೆ 105 ಮಿಲಿಮೀಟರ್ ಫಿರಂಗಿ ಜೋಡಿಸಿದಾಗ ಆ ಜಾಗಕ್ಕೆ ನಿಜವಾದುದೇ ಬಂತು. ಹೀಗೆ ಒಂದು ನಳಿಕೆಯೇ ಕಾಲವನ್ನು ಹೇಳಿಬಿಡುತ್ತದೆ. ಕಿಟ್‌ನಲ್ಲಿ ಹುಸಿ ಭಾಗ ಇಲ್ಲದಿದ್ದರೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ನಳಿಕೆಗೆ ಸುತ್ತಿ ಮಾಡಿಕೊಳ್ಳಬಹುದು, ಮಾಡಿಕೊಳ್ಳಲೇಬೇಕು.

ಗೋಪುರದ ಮೇಲಿನ 12.7 ಮಿಲಿಮೀಟರ್ ವಿಮಾನನಿರೋಧಕ ಮೆಷಿನ್‌ಗನ್ ಮೊದಮೊದಲ ಟಿ-55ಗಳಲ್ಲಿ ಇರಲಿಲ್ಲವಾದ್ದರಿಂದ, ಅದನ್ನು ಆಯಾ ಟ್ಯಾಂಕಿನ ಛಾಯಾಚಿತ್ರ ನೋಡಿಯೇ ನಿರ್ಧರಿಸಬೇಕು. ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದಲ್ಲಿ ಟಿ-55 ಒಂದನ್ನು ಹತ್ತಿರದಿಂದ ಕಾಣಬಹುದು. ಕೆಲವು ಆಯ್ಕೆಗಳಿಗೆ ಗೋಪುರದ ಒಳಬದಿಯಿಂದ ರಂಧ್ರ ಕೊರೆಯಬೇಕಾಗುವುದರಿಂದ, ಅದರ ಎರಡು ಹೋಳುಗಳನ್ನು ಕೂಡಿಸುವ ಮುನ್ನವೇ ಆ ಕೆಲಸ ಮುಗಿದಿರಬೇಕು.