ಹಲ್ಲುನೋವೂ ಔಷಧದ ಅಂಗಡಿಯ ಗುಳಿಗೆಯೂ

ಶ್ರಾವಣ ಮಾಸದ ಪ್ರವಚನವೆಂದರೆ ತಿಂಗಳುಪರ್ಯಂತ ಒಂದೇ ಊರಿನಲ್ಲಿ ತಂಗುವುದು, ಭಕ್ತರ ಮನೆಗಳಲ್ಲಿ ಪ್ರಸಾದ ಸ್ವೀಕರಿಸುವುದು, ಸಂಜೆ ಎರಡು ತಾಸು ಗಂಟಲು ಬಿಚ್ಚಿ ಮಾತನಾಡುವುದು. ಕೆಲವು ವರ್ಷಗಳ ಹಿಂದೆ ಇಂಥದೊಂದು ಪ್ರವಚನದ ನಡುವೆ ನನ್ನ ಬಲಗಡೆಯ ಕೆಳದವಡೆಯ ಹಲ್ಲೊಂದು ನೋಯತೊಡಗಿತು. ತಣ್ಣೀರು ತಾಗಿದರೆ ಜೀವ ಹೋದಂತಾಗುತ್ತಿತ್ತು. ರಾತ್ರಿ ಮಲಗಿದರೆ ನೋವು ಕಿವಿಯವರೆಗೆ ಏರುತ್ತಿತ್ತು. ನಾನು ಇಳಿದುಕೊಂಡಿದ್ದ ಮನೆಯ ಯಜಮಾನರು ಬಹಳ ಸಜ್ಜನರು. ಬಾಗಿಲು ಹಾಕುವ ಹೊತ್ತಿಗೆ ಔಷಧದ ಅಂಗಡಿಗೆ ತಾವೇ ಹೋಗಿ ಆರು ಗುಳಿಗೆ ತಂದರು. “ಶಾಸ್ತ್ರಿಗಳೇ, ಇದನ್ನ ತಗೊಳ್ರಿ, ನಾಳೆ ಅನ್ನೂದ್ರೊಳಗ ಇಳೀತದ. ನಮ್ಮ ಮನ್ಯಾಗ ಎಲ್ಲಾರಿಗೂ ಇದ ನಡೀತದ” ಎಂದರು. ನಾಳೆಗಲ್ಲದಿದ್ದರೂ ಮೂರನೆಯ ದಿನಕ್ಕೆ ನೋವು ನಿಂತಿತು. ಉಳಿದ ಎರಡು ಗುಳಿಗೆಗಳನ್ನು ಚೀಲದಲ್ಲಿಟ್ಟುಕೊಂಡೆ.

ದಸರೆಯ ಹೊತ್ತಿಗೆ ಅದೇ ಹಲ್ಲು ಮತ್ತೆ ತೊಂದರೆ ಕೊಟ್ಟಿತು. ಚೀಲದ ಎರಡು ಗುಳಿಗೆ ನುಂಗಿ, ಹೆಸರು ತೋರಿಸಿ ಇನ್ನು ನಾಲ್ಕು ಕೊಂಡೆ. ಅಂಗಡಿಯವರು ಚೀಟಿ ಕೇಳಲಿಲ್ಲ. ನಾನೂ ಅದರ ಯೋಚನೆ ಮಾಡಲಿಲ್ಲ. ಕಾರ್ತಿಕ ಮಾಸದಲ್ಲಿ ಒಂದು ಬೆಳಿಗ್ಗೆ ಏಳುವಷ್ಟರಲ್ಲಿ ದವಡೆ ಊದಿತ್ತು, ಮೈ ಬಿಸಿಯಾಗಿತ್ತು, ಬಾಯಿ ಒಂದು ಬೆರಳು ತೂರುವಷ್ಟು ಮಾತ್ರ ತೆರೆಯುತ್ತಿತ್ತು. ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ದರು. ಅಲ್ಲಿನ ವೈದ್ಯರು ಕೀವು ತೆಗೆದು, ಐದು ದಿನ ಔಷಧ ಕೊಟ್ಟು, ಆಮೇಲೆ ಆ ಹಲ್ಲನ್ನು ಕಿತ್ತರು. ಶ್ರಾವಣದಲ್ಲಿಯೇ ಬಂದಿದ್ದರೆ ಬೇರಿನ ನಾಳವನ್ನು ಸ್ವಚ್ಛಮಾಡಿ ಹಲ್ಲನ್ನು ಉಳಿಸಬಹುದಾಗಿತ್ತಂತೆ. “ಕಳ್ಳ ಮನೆಯೊಳಗೇ ಅಡಗಿ ಕುಳಿತಿದ್ದಾನೆ, ನೀವು ಬೀದಿಯಲ್ಲಿ ಕಾವಲುಗಾರರನ್ನು ನಿಲ್ಲಿಸಿದ್ದೀರಿ” ಎಂದು ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು.

ನಾನು ವೈದ್ಯನಲ್ಲ, ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿದವನು. ಆದರೆ ಅರ್ಥವಾಗದ್ದನ್ನು ಬಲ್ಲವರಲ್ಲಿ ಕೇಳಿ ತಿಳಿಯುವ ಅಭ್ಯಾಸವನ್ನು ಆ ಪಾಠಶಾಲೆಯೇ ಕಲಿಸಿದೆ. ಹಾಗೆ ಕೇಳಿ, ಓದಿ ತಿಳಿದುದನ್ನು ನಮ್ಮ ಗೃಹಸ್ಥ ಬಂಧುಗಳ ಮುಂದಿಡುತ್ತಿದ್ದೇನೆ.

ಹಲ್ಲಿನ ಹೊರಗಿರುವುದು ಕಲ್ಲಿನಂಥ ಕವಚ. ಅದರೊಳಗೆ ಕೊಂಚ ಮೃದುವಾದ ಇನ್ನೊಂದು ಪದರ. ನಟ್ಟನಡುವೆ ಸಣ್ಣದೊಂದು ಕೋಣೆ. ಆ ಕೋಣೆಯಲ್ಲಿ ನರಗಳೂ ರಕ್ತನಾಳಗಳೂ ಕೂಡಿದ ಮಜ್ಜೆಯಿದೆ. ಬೇರಿನ ತುದಿಯ ಸೂಜಿಮೊನೆಯಂಥ ರಂಧ್ರದಿಂದ ಅದಕ್ಕೆ ರಕ್ತ ಬರುತ್ತದೆ. ಹುಳುಕು ಆಳಕ್ಕಿಳಿದಾಗ ಮಜ್ಜೆ ಊದಿಕೊಳ್ಳುತ್ತದೆ. ಕೈಗೆ ಪೆಟ್ಟಾದರೆ ಚರ್ಮ ಹಿಗ್ಗಿ ಊತಕ್ಕೆ ಎಡೆಮಾಡಿಕೊಡುತ್ತದೆ; ಹಲ್ಲಿನ ಗೋಡೆ ಹಿಗ್ಗುವುದಿಲ್ಲ. ಆದ್ದರಿಂದಲೇ ಆ ಅಸಹನೀಯ ನೋವು. ಆಂಟಿಬಯೋಟಿಕ್ ಔಷಧ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಊದಿದ ಮಜ್ಜೆಯ ಒತ್ತಡವನ್ನು ಇಳಿಸುವ ಶಕ್ತಿ ಅದಕ್ಕಿಲ್ಲ. ಇಂಥ ನೋವಿರುವ 40 ಜನರ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಕೆಲವರಿಗೆ ಪೆನಿಸಿಲಿನ್ನನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆಯನ್ನೂ ಏಳು ದಿನ ಕೊಟ್ಟು ನೋಡಿದರು. ಎರಡೂ ಗುಂಪಿನವರ ನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ನನ್ನ ನೋವು ಮೂರನೆಯ ದಿನ ನಿಂತದ್ದು ಹೇಗೆ? ಇದನ್ನೇ ನಾನು ವೈದ್ಯರಲ್ಲಿ ಕೇಳಿದೆ. ಅವರ ಉತ್ತರ ಹೀಗಿತ್ತು: ಊದಿದ ಮಜ್ಜೆ ಕೊನೆಗೆ ಸಾಯುತ್ತದೆ, ನರ ಸತ್ತ ಮೇಲೆ ನೋಯುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ಆ ಮೂರು ದಿನ ನುಂಗಿದ ಗುಳಿಗೆಗೆ ಕೀರ್ತಿ ಬರುತ್ತದೆ. ಮಜ್ಜೆ ಸತ್ತಾಗ ಅಲ್ಲಿಗೆ ರಕ್ತದ ಹರಿವೂ ನಿಂತುಹೋಗುತ್ತದೆ. ರಕ್ತ ಹೋಗದ ಸ್ಥಳಕ್ಕೆ ನುಂಗಿದ ಔಷಧವೂ ಹೋಗಲಾರದು. ಆ ನಿರ್ಜೀವ ಕೋಣೆಯಲ್ಲಿ ಬ್ಯಾಕ್ಟೀರಿಯಾಗಳು ನಿಶ್ಚಿಂತೆಯಿಂದ ವೃದ್ಧಿಯಾಗಿ, ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತವೆ. ನೋವು ನಿಂತಿತೆಂದು ನಾವು ಸಮಾಧಾನದಿಂದಿರುವ ಕಾಲದಲ್ಲಿಯೇ ಕೀವು ಕಟ್ಟುತ್ತಿರುತ್ತದೆ. ಆದ್ದರಿಂದ ಹಲ್ಲಿನ ರೋಗಕ್ಕೆ ನಿಜವಾದ ಚಿಕಿತ್ಸೆ ಕೈಯಿಂದ ಆಗಬೇಕಾದದ್ದು: ಹುಳುಕು ತೆಗೆದು ತುಂಬುವುದು, ನಾಳವನ್ನು ಸ್ವಚ್ಛಮಾಡುವ ರೂಟ್ ಕೆನಾಲ್, ಕೀವನ್ನು ಹೊರಹರಿಸುವುದು, ಅನಿವಾರ್ಯವಾದರೆ ಹಲ್ಲು ಕೀಳುವುದು. ಮೇಲಿನ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಹೋಗುತ್ತದೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಆಂಟಿಬಯೋಟಿಕ್ ಎಂದಿಗೂ ಬೇಡವೆಂದು ಇದರ ತಾತ್ಪರ್ಯವಲ್ಲ. ಸೋಂಕು ಹಲ್ಲಿನ ಎಲ್ಲೆ ದಾಟಿ ಶರೀರಕ್ಕೆ ಹರಡತೊಡಗಿದಾಗ ಅದು ಬೇಕೇ ಬೇಕು. ಜ್ವರ, ಹಬ್ಬುತ್ತಿರುವ ಮುಖದ ಬಾವು, ಕುತ್ತಿಗೆಯಲ್ಲಿ ಗಂಟು, ಬಾಯಿ ತೆರೆಯಲಾಗದಿರುವುದು, ಇವು ಅದರ ಲಕ್ಷಣಗಳು. 2019ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ರೋಗನಿರೋಧಕ ಶಕ್ತಿ ಸರಿಯಾಗಿರುವ ವಯಸ್ಕರ ಹಲ್ಲುನೋವಿಗೂ ಹಲ್ಲಿನ ಬುಡಕ್ಕೆ ಸೀಮಿತವಾದ ಬಾವಿಗೂ ಹಲ್ಲಿನ ಚಿಕಿತ್ಸೆಯೇ ಮೊದಲು, ಜೊತೆಗೆ ಬೇಕಾದರೆ ನೋವಿನ ಗುಳಿಗೆ. ಜ್ವರಾದಿಗಳಿದ್ದರೆ ಮಾತ್ರ ಆಂಟಿಬಯೋಟಿಕ್. ಅದೂ ಸಾಮಾನ್ಯವಾಗಿ ಅಮಾಕ್ಸಿಸಿಲಿನ್, 3ರಿಂದ 7 ದಿನ. ಮೂರನೆಯ ದಿನ ವೈದ್ಯರು ರೋಗಿಯ ಸ್ಥಿತಿಯನ್ನು ಮತ್ತೆ ವಿಚಾರಿಸಬೇಕು. ಎಷ್ಟು ದಿನವೆಂಬುದನ್ನು ನಿರ್ಧರಿಸುವವರು ನೋಡಿದ ವೈದ್ಯರೇ. ಎರಡೇ ದಿನಕ್ಕೆ ತಾವಾಗಿ ಬಿಡುವುದೂ ಸಲ್ಲದು. ಇರಲಿ ಎಂದು ಹತ್ತು ದಿನ ಮುಂದುವರಿಸುವುದೂ ಸಲ್ಲದು.

ಒಂದು ಸ್ಥಿತಿಯನ್ನಂತೂ ಪ್ರತಿಯೊಬ್ಬ ಗೃಹಿಣಿಯೂ ಗುರುತಿಸಬೇಕು. ಗದ್ದದ ಕೆಳಗೆ ಎರಡೂ ಕಡೆ ಬಿಗಿಯಾಗಿ ಊದಿ, ನಾಲಿಗೆ ಮೇಲಕ್ಕೆತ್ತಿದಂತಾಗಿ, ಉಗುಳು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಒಂದು ಗಳಿಗೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವರ್ಣಿಸಿದ ಈ ರೋಗಕ್ಕೆ ಅವನ ಹೆಸರೇ ಇದೆ. ಬಹುತೇಕ ಇದು ಕೆಳಗಿನ ದವಡೆಹಲ್ಲಿನ ಸೋಂಕಿನಿಂದಲೇ ಹುಟ್ಟುತ್ತದೆ. ಪೆನಿಸಿಲಿನ್ ಬರುವ ಮೊದಲು ಇದಕ್ಕೆ ತುತ್ತಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಯುತ್ತಿದ್ದರು. ಅಂಥ ಹೊತ್ತಿನಲ್ಲಿ ಜೀವ ಉಳಿಸಬೇಕಾದ ಔಷಧವನ್ನು ನಾವು ಸಾದಾ ನೋವಿಗೆ ಖರ್ಚು ಮಾಡುತ್ತಿದ್ದೇವೆ.

ಈ ಭಯ ಹೊಸದಲ್ಲ. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್, 1945ರ ಡಿಸೆಂಬರಿನಲ್ಲಿ ನೊಬೆಲ್ ಭಾಷಣ ಮಾಡುವಾಗಲೇ ಒಂದು ಕಲ್ಪಿತ ದೃಷ್ಟಾಂತ ಹೇಳಿದ. ಗೃಹಸ್ಥನೊಬ್ಬ ಗಂಟಲುನೋವಿಗೆ ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ಪ್ರಮಾಣದಲ್ಲಿ ಸೇವಿಸುತ್ತಾನೆ. ಬ್ಯಾಕ್ಟೀರಿಯಾಗಳು ಸಾಯದೆ ಆ ಔಷಧವನ್ನು ಎದುರಿಸುವುದನ್ನು ಕಲಿಯುತ್ತವೆ. ಅವು ಅವನ ಹೆಂಡತಿಗೆ ಅಂಟುತ್ತವೆ. ಆಕೆಗೆ ಪೆನಿಸಿಲಿನ್ ಕೊಟ್ಟರೂ ಫಲಿಸದೆ ಆಕೆ ಸಾಯುತ್ತಾಳೆ. ತಪ್ಪು ಒಬ್ಬನದು, ಸಾವು ಇನ್ನೊಬ್ಬಳದು. ನಮ್ಮ ಶರೀರಕ್ಕೆ ಔಷಧ ರೂಢಿಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ರೂಢಿಯಾಗುವುದು ಬ್ಯಾಕ್ಟೀರಿಯಾಗಳಿಗೆ, ಮತ್ತು ಅವು ಒಂದೇ ಮನೆಯಲ್ಲಿ, ಒಂದೇ ಶರೀರದಲ್ಲಿ ನಿಲ್ಲುವುದಿಲ್ಲ. ಔಷಧಕ್ಕೆ ಮಣಿಯದ ಇಂಥ ಸೋಂಕುಗಳು 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನರ ಸಾವಿಗೆ ನೇರ ಕಾರಣವಾದವೆಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ನಮ್ಮ ದೇಶದ ಕಾನೂನಿನಂತೆ ಈ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕೆಲವು ಪ್ರಬಲ ಔಷಧಗಳಿಗಾಗಿ 2013ರಲ್ಲಿ ಹೊರಟು 2014ರಿಂದ ಜಾರಿಗೆ ಬಂದ ಎಚ್-1 ಅನುಸೂಚಿಯ ಪ್ರಕಾರ, ಬರೆದುಕೊಟ್ಟ ವೈದ್ಯರ ಮತ್ತು ರೋಗಿಯ ಹೆಸರನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕು. ಪೊಟ್ಟಣದ ಮೇಲಿನ ಉದ್ದನೆಯ ಕೆಂಪು ಗೆರೆ ಚೀಟಿಯಿಲ್ಲದೆ ಕೊಳ್ಳಬಾರದ ಔಷಧದ ಗುರುತು. 2016ರಲ್ಲಿ ಕೇಂದ್ರ ಸರಕಾರ ಇದರ ಪ್ರಚಾರವನ್ನೂ ಕೈಗೊಂಡಿತು. ನನ್ನ ಚೀಲದಲ್ಲಿದ್ದ ಪಟ್ಟಿಯ ಮೇಲೂ ಆ ಗೆರೆಯಿತ್ತು. ಅದು ಅಲಂಕಾರವೆಂದು ನಾನು ತಿಳಿದಿದ್ದೆ!

ವೈದ್ಯರ ಮುಂದೆ ಕುಳಿತಾಗ ನಾವಾಗಿಯೇ ಹೇಳಬೇಕಾದ ಸಂಗತಿಗಳಿವೆ. ಹಿಂದೆ ಪೆನಿಸಿಲಿನ್ ಜಾತಿಯ ಔಷಧದಿಂದ ಮೈಮೇಲೆ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಅದನ್ನು ಮುಚ್ಚಿಡಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ಮೆಟ್ರೊನಿಡಜೋಲ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯವರು, ಸಕ್ಕರೆ ರೋಗದವರು ತಮ್ಮ ಸ್ಥಿತಿಯನ್ನು ಮೊದಲೇ ತಿಳಿಸಬೇಕು. ಎಂಟು ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಕೊಟ್ಟರೆ ಮುಂದೆ ಹುಟ್ಟುವ ಹಲ್ಲುಗಳಿಗೆ ಮಾಸದ ಕಂದುಬಣ್ಣ ಬರುತ್ತದೆ. ದೊಡ್ಡವರ ಗುಳಿಗೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವ ತಾಯಂದಿರು ಇದನ್ನು ಗಮನಿಸಬೇಕು.

ಹೃದಯದ ವಿಷಯ ಬೇರೆ. ಕೃತಕ ಕವಾಟ ಹಾಕಿಸಿಕೊಂಡವರು, ಹಿಂದೊಮ್ಮೆ ಹೃದಯದ ಒಳಪೊರೆಗೆ ಸೋಂಕು ತಗಲಿದವರು, ಕೆಲವು ಬಗೆಯ ಹುಟ್ಟು ಹೃದ್ರೋಗದವರು ಹಲ್ಲು ಕೀಳಿಸುವ 30ರಿಂದ 60 ನಿಮಿಷ ಮೊದಲು ಒಂದೇ ಸಲ ಆಂಟಿಬಯೋಟಿಕ್ ತೆಗೆದುಕೊಳ್ಳುವ ಕ್ರಮವಿದೆ. ಅಮೆರಿಕದ ಹೃದ್ರೋಗ ಸಂಘವು 2007ರಲ್ಲಿ ಈ ಮುಂಜಾಗ್ರತೆಯನ್ನು ಇಂಥ ಕೆಲವರಿಗೇ ಸೀಮಿತಗೊಳಿಸಿತು. ಅಂಥವರು ಹೃದಯತಜ್ಞರ ಕಾಗದವನ್ನು ದಂತವೈದ್ಯರಿಗೆ ತೋರಿಸಬೇಕು.

ವೈದ್ಯರನ್ನು ಕಾಣುವವರೆಗೆ ಆ ಒಂದು ರಾತ್ರಿ ಕಳೆಯುವುದು ಹೇಗೆ? ಉಪ್ಪು ಹಾಕಿದ ಉಗುರುಬೆಚ್ಚನೆಯ ನೀರಿನಿಂದ ಬಾಯಿ ಮುಕ್ಕಳಿಸಬಹುದು. ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಲವಂಗದ ಎಣ್ಣೆ ತುಸು ಹೊತ್ತು ಮರಗಟ್ಟಿಸುತ್ತದೆ; ಹೆಚ್ಚು ಹಚ್ಚಿದರೆ ಒಸಡು ಸುಡುತ್ತದೆ. ಆಸ್ಪಿರಿನ್ ಗುಳಿಗೆಯನ್ನು ಒಸಡಿಗೆ ಒತ್ತಿಡುವುದು, ಹುಳುಕಿಗೆ ತಂಬಾಕು ತುಂಬುವುದು, ಊದಿದ ಕೆನ್ನೆಗೆ ಹೊರಗಿನಿಂದ ಶಾಖ ಕೊಡುವುದು, ಈ ಮೂರೂ ಬೇಡ. ಖರ್ಚಿನ ಅಂಜಿಕೆಯಿಂದ ಹಿಂಜರಿಯುವವರು ನಮ್ಮಲ್ಲಿ ಬಹಳ. ದಾವಣಗೆರೆ, ಬೆಳಗಾವಿ, ಧಾರವಾಡ, ಮೈಸೂರು, ಬೆಂಗಳೂರುಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಅಧ್ಯಾಪಕರ ನಿಗಾದಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ. ಸಮಯ ಹೆಚ್ಚು ಬೇಕು, ಹಣ ಕಡಿಮೆ ಸಾಕು.

ಕಳೆದ ಶ್ರಾವಣದಲ್ಲಿ ಮತ್ತೆ ಅದೇ ಊರಿಗೆ ಪ್ರವಚನಕ್ಕೆ ಹೋಗಿದ್ದೆ, ಅದೇ ಮನೆಯಲ್ಲಿ ಇಳಿದುಕೊಂಡಿದ್ದೆ. ಯಜಮಾನರ ಒಂಬತ್ತು ವರ್ಷದ ಮೊಮ್ಮಗಳಿಗೆ ಹಲ್ಲುನೋವು ಬಂತು. ಅಜ್ಜಿ ಔಷಧದ ಡಬ್ಬಿ ತೆಗೆದರು. ನಾನು ನನ್ನ ಹಲ್ಲಿಲ್ಲದ ದವಡೆಯನ್ನು ತೋರಿಸಿದೆ. ಮರುದಿನ ಮೊದಲ ಬಸ್ಸಿಗೆ ಮಗುವನ್ನು ಪಟ್ಟಣಕ್ಕೆ ಕರೆದೊಯ್ದರು. ಹುಳುಕು ತೆಗೆದು, ತುಂಬಿ, ನೋವಿಗೆ ಒಂದು ದಿನದ ಔಷಧ ಬರೆದು ಕಳಿಸಿದ್ದರು. ಸಂಜೆ ಮರಳಿದ ಯಜಮಾನರಿಗೆ ಮಾತ್ರ ಅಸಮಾಧಾನ. “ಇಷ್ಟ ದೂರ ಹೋದ್ರೂ ಆ ಗುಳಿಗಿ ಕೊಡಲೇ ಇಲ್ಲಲ್ರಿ ಶಾಸ್ತ್ರಿಗಳೇ, ಇವರೆಂಥಾ ಡಾಕ್ಟರ್ರು!” ಎಂದರು. ಮಗು ಆಗಲೇ ಪಡಸಾಲೆಯಲ್ಲಿ ಕುಳಿತು ರೊಟ್ಟಿ ತಿನ್ನುತ್ತಿತ್ತು.